ಬದು ಕೆಡವಿದ ಮೇಲೆ ರಾಗಿ ಹೊಲದಲ್ಲಿ ಕೊರಕಲು ಬೀಳ್ತಿದೆ, ಏನು ಮಾಡೋದು?

ಹೊಂಗೆನೆರಳು:

ಎಲ್ಲರಿಗೂ ನಮಸ್ಕಾರ. ಮಧುಗಿರಿ ಕಡೆ ನಮ್ಮದು 3 ಎಕರೆ ಖುಷ್ಕಿ, ಕೆಂಪು ಮಣ್ಣು. ನಾನಿರುವುದು ಬೆಂಗಳೂರಲ್ಲಿ. ಹೊಲ ನೋಡಿಕೊಳ್ಳುವುದು ಅಪ್ಪ. ನಾನು ವಾರದ ಕೊನೆಗೆ ಹೋಗಿ ಸಲಹೆ ಕೊಟ್ಟು ಬರುತ್ತೇನೆ, ಅಪ್ಪನ ಪ್ರಕಾರ ಕೆಡಿಸಿ ಬರುತ್ತೇನೆ.

ವಿಷಯ ಏನಂದ್ರೆ, ಹೊಲದ ಮಧ್ಯೆ ಎರಡು ಬದು ಇದ್ದವು. ಸೊಂಟದೆತ್ತರ, ಮೇಲೆ ಹೊಂಗೆ, ಕತ್ತಾಳೆ, ಹುಲ್ಲು. ಟ್ರ್ಯಾಕ್ಟರ್ ತಿರುಗಿಸೋಕೆ ಕಷ್ಟ, ಜಾಗ ದಂಡ ಅಂತ ಎರಡು ವರ್ಷದ ಹಿಂದೆ ಜೆಸಿಬಿ ತರಿಸಿ ಎರಡನ್ನೂ ನೆಲಸಮ ಮಾಡಿಸಿದೆ. ಅಪ್ಪ ಬೇಡ ಅಂದಿದ್ದರು. ಹೊಂಗೆ ಮರ ಒಂದನ್ನು ಮಾತ್ರ ಉಳಿಸಿಕೊಂಡರು, ಅದರ ಬುಡದಲ್ಲಿ ಕೂತು ಊಟ ಮಾಡುತ್ತಾರೆ.

ಈ ಸಲ ಪುನರ್ವಸು ಮಳೆಗೆ ರಾಗಿ ಬಿತ್ತಿದೆವು. ಆಶ್ಲೇಷ ಮಳೆ ಒಂದು ರಾತ್ರಿ ಸುರಿಯಿತು, ಪಂಚಾಯಿತಿ ಮಳೆಮಾಪಕದಲ್ಲಿ 40 ಮಿಲಿಮೀಟರ್. ಬೆಳಗ್ಗೆ ಹೋಗಿ ನೋಡಿದರೆ ಮೇಲಿಂದ ಕೆಳಗೆ ಬೆರಳು ಎಳೆದ ಹಾಗೆ ಏಳೆಂಟು ಕೊರಕಲು, ಒಂದರಲ್ಲಿ ನನ್ನ ಕಾಲು ಮೊಣಕಾಲಿನ ತನಕ ಇಳಿಯುತ್ತೆ. ಕೆಳಗಿನ ಅರ್ಧ ಎಕರೆಯಲ್ಲಿ ಪೈರು ಮಣ್ಣಿನಡಿ ಹೋಗಿದೆ. ಕೃಷಿ ಹೊಂಡದಲ್ಲಿ ನೀರಿಗಿಂತ ಹೂಳೇ ಜಾಸ್ತಿ. ಬೇಜಾರು ಅಂದ್ರೆ, ಇಷ್ಟು ಮಳೆ ಬಂದು ಒಂದು ವಾರ ಆದ ಮೇಲೆ ಮೇಲಿನ ಭಾಗದ ರಾಗಿ ಬಾಡೋಕೆ ಶುರುವಾಗಿದೆ! ಮತ್ತೆ ಬದು ಹಾಕಿಸಲೇಬೇಕಾ? ಬೇರೆ ದಾರಿ ಇದೆಯಾ?

ಜೆಸಿಬಿ_ರಾಜ:

ಇದರಲ್ಲಿ ಯೋಚನೆ ಮಾಡೋದು ಏನಿದೆ ಗುರು. ಕೆಳಗಿನ ಅಂಚಿಗೆ ಐದಡಿ ಬದು ಎತ್ತಿಸು. ಒಂದು ಹನಿ ಆಚೆ ಹೋಗಲ್ಲ.

ಕುಂಟೆ_ಕೂರಿಗೆ:

ಮೇಲಿನವರ ಮಾತು ಕೇಳಬೇಡಿ, ದಯವಿಟ್ಟು. ಮೊದಲು ಲೆಕ್ಕ ನೋಡಿ. ಒಂದು ಎಕರೆ ಮೇಲೆ 1 ಮಿಲಿಮೀಟರ್ ಮಳೆ ಬಿದ್ದರೆ ಸುಮಾರು 4,000 ಲೀಟರ್ ನೀರು. 40 ಮಿಲಿಮೀಟರ್, 3 ಎಕರೆ ಅಂದರೆ 4 ಲಕ್ಷ 80 ಸಾವಿರ ಲೀಟರ್ ಮೇಲಾಯಿತು. 5,000 ಲೀಟರಿನ ಟ್ಯಾಂಕರ್ ಲೆಕ್ಕದಲ್ಲಿ ಹತ್ತಿರ ಹತ್ತಿರ ನೂರು ಟ್ಯಾಂಕರ್. ಅದರಲ್ಲಿ ಅರ್ಧ ಹರಿದು ಬಂದರೂ ಕೆಳಗೆ ಒಂದೇ ಬದು ಎಲ್ಲಿ ತಡೆಯುತ್ತೆ? ನೀರು ಓಟ ಕಿತ್ತ ಮೇಲೆ ಹಿಡಿಯೋದಲ್ಲ, ಓಡೋಕೆ ಮೊದಲೇ ಹಿಡಿಯಬೇಕು. ನೀರಿನ ವೇಗ ಎರಡರಷ್ಟಾದರೆ ಅದರ ಹೊಡೆತ ನಾಲ್ಕರಷ್ಟು. ನಿಮ್ಮ ಎರಡು ಬದು ಮಾಡುತ್ತಿದ್ದ ಕೆಲಸ ಇಷ್ಟೇ, 150 ಮೀಟರ್ ಓಟವನ್ನು ಐವತ್ತೈವತ್ತಕ್ಕೆ ತುಂಡು ಮಾಡುತ್ತಿದ್ದವು. (ಉದ್ದ ನನ್ನ ಅಂದಾಜು, ತಪ್ಪಿದ್ದರೆ ಹೇಳಿ.)

ಇನ್ನು ಎರಡು ಪ್ರಶ್ನೆ. ಟ್ರ್ಯಾಕ್ಟರ್ ಯಾವ ದಿಕ್ಕಿಗೆ ಓಡಿಸುತ್ತೀರಿ? ರೋಟವೇಟರ್ ಎಷ್ಟು ಸಲ ಹೊಡೆಸಿದಿರಿ?

ಹೊಂಗೆನೆರಳು:

ಉದ್ದ ಸರಿಯಾಗೇ ಹೇಳಿದಿರಿ ಸರ್. ಟ್ರ್ಯಾಕ್ಟರ್ ಮೇಲಿಂದ ಕೆಳಕ್ಕೆ, ಕೆಳಗಿಂದ ಮೇಲಕ್ಕೆ. ಅಡ್ಡ ಹೊಡೆದರೆ ತಿರುವು ಜಾಸ್ತಿ, ಗಂಟೆ ಜಾಸ್ತಿ ಆಗುತ್ತೆ ಅಂತಾನೆ ಡ್ರೈವರ್. ರೋಟವೇಟರ್ ಎರಡು ಸಲ. ಮಣ್ಣು ಹಿಟ್ಟಿನ ಹಾಗೆ ಬಂದಿತ್ತು, ಖುಷಿಯಾಗಿ ಫೋಟೋ ಬೇರೆ ತೆಗೆದಿದ್ದೆ.

ಕುಂಟೆ_ಕೂರಿಗೆ:

ಆ ಹಿಟ್ಟೇ ಹರಿದು ಹೋಗಿರೋದು. ಕೆಂಪು ಮಣ್ಣನ್ನು ಅಷ್ಟು ನುಣ್ಣಗೆ ಮಾಡಿದರೆ ಮಳೆ ಹನಿ ಬಿದ್ದ ಕೂಡಲೇ ಸಣ್ಣ ಕಣ ಎದ್ದು ಮಣ್ಣಿನ ಸಂದಿಯೆಲ್ಲ ಮುಚ್ಚಿಕೊಳ್ಳುತ್ತೆ. ಬಿಸಿಲು ಬಂದರೆ ಮೇಲೆ ಹಪ್ಪಳದ ಹಾಗೆ ಹೆಕ್ಕಳೆ. ಕೆಳಗೆ ರೋಟವೇಟರ್ ಬ್ಲೇಡು ಸವರಿದ ಕಡೆ ಗಟ್ಟಿ ಪದರ. ನೀರು ಇಳಿಯೋದು ಎಲ್ಲಿಂದ? ನಿಮ್ಮ ರಾಗಿ ಒಂದೇ ವಾರಕ್ಕೆ ಬಾಡೋದು ಅದಕ್ಕೇ. ಮಳೆ ಬಂತು, ಆದರೆ ಹೊಲಕ್ಕೆ ಬರಲಿಲ್ಲ ಅನ್ನಿ. ಮೇಲಿಂದ ಕೆಳಕ್ಕೆ ಬಿತ್ತಿದ ಒಂದೊಂದು ಸಾಲೂ ನೀರಿಗೆ ಕಾಲುವೆ ತೆಗೆದುಕೊಟ್ಟ ಹಾಗೆ.

ಎಕರೆಗೆ 1 ಮಿಲಿಮೀಟರ್ ಮಣ್ಣು ಹೋದರೆ ನಮ್ಮ ಕಣ್ಣಿಗೆ ಕಾಣಿಸಲ್ಲ. ತೂಕದಲ್ಲಿ ಅದು ಐದು ಟನ್ನಿಗೂ ಜಾಸ್ತಿ. ಅದೂ ಮೊದಲು ಹೋಗೋದು ಜೇಡಿ ಮತ್ತು ಗೊಬ್ಬರದ ಅಂಶ, ನಮಗೆ ಉಳಿಯೋದು ಮರಳು, ಗರಸು.

ಎರೆಹೊಲ:

ನಾನು ಹುನಗುಂದ ಕಡೆಯವನು. ನಾವು ಬದುವಿಗೆ ಒಡ್ಡು ಅಂತೀವಿ. ಐದಡಿ ಒಡ್ಡು ಹಾಕಿ ಅಂದವರಿಗೆ ನನ್ನ ಕತೆ ಹೇಳಬೇಕು. ನಾನೂ ಹಾಗೇ ಹಾಕಿಸಿದ್ದೆ. ಕೋಡಿ (ಹೆಚ್ಚಾದ ನೀರು ಹೊರಗೆ ಹೋಗುವ ದಾರಿ) ಬಿಡಿ ಅಂತ ಹಿರಿಯರು ಹೇಳಿದ್ದರು, ನೀರು ಸುಮ್ನೆ ಯಾಕೆ ಹೊರಗೆ ಬಿಡೋದು ಅಂತ ನಾನು ಬಿಡಲಿಲ್ಲ. ಉತ್ತರೆ ಮಳೆಗೆ ಮೂರು ದಿನ ನೀರು ನಿಂತು, ನಾಲ್ಕನೇ ದಿನ ನಡುರಾತ್ರಿ ಒಡೆಯಿತು. ನನ್ನ ಹೊಲ ಅಷ್ಟೇ ಆಗಿದ್ದರೆ ಬೇರೆ ಮಾತು. ಕೆಳಗಿನ ನಮ್ಮ ಕಾಕಾನ ಸಜ್ಜೆ ಹೊಲದಲ್ಲಿ ಆಳುದ್ದ ಕಂದಕ ಬಿತ್ತು. ಒಂದು ಬೇಸಿಗೆ ಪೂರ್ತಿ ಮಣ್ಣು ಹೇರಿ ತುಂಬಿಕೊಟ್ಟೆ, ಕಾಕಾ ಇನ್ನೂ ಪೂರ್ತಿ ಮಾತಾಡಲ್ಲ.

ನಮ್ಮ ಎರೆ ಮಣ್ಣಿನದು, ಅಂದರೆ ಕಪ್ಪು ಮಣ್ಣಿನದು, ಬೇರೆ ಗುಣ. ಮೊದಲ ಮಳೆ ಬಿರುಕಿನಲ್ಲಿ ಇಳಿಯುತ್ತೆ, ಆಮೇಲೆ ಮಣ್ಣು ಉಬ್ಬಿ ಬಾಯಿ ಮುಚ್ಚಿಕೊಂಡರೆ ನೀರು ಇಳಿಯೋದು ತೀರಾ ನಿಧಾನ. ಒಡ್ಡಿನ ಹಿಂದೆ ನೀರು ನಿಂತು ಬೆಳೆ ಕೊಳೆಯುತ್ತೆ, ಒಣಗಿದಾಗ ಒಡ್ಡೇ ಸೀಳುತ್ತೆ. ಅದಕ್ಕೆ ನಮ್ಮಲ್ಲಿ ಸ್ವಲ್ಪ ಇಳುಕಲು ಕೊಟ್ಟು, ನೀರು ಮೆಲ್ಲಗೆ ಬದಿಗೆ ಸರಿಯುವ ಹಾಗೆ ಒಡ್ಡು ಹಾಕಬೇಕು, ಕಲ್ಲು ಜೋಡಿಸಿದ ಕೋಡಿ ಇರಲೇಬೇಕು. ಮುಂಗಾರಿಗೆ ಹೊಲ ಖಾಲಿ ಬಿಟ್ಟು ಹಿಂಗಾರಿ ಜೋಳ ಹಾಕುವವರು ಚೌಕು ಮಡಿ ಮಾಡುತ್ತಾರೆ. ಸಣ್ಣ ಸಣ್ಣ ಮಡಿ, ಬಿದ್ದ ನೀರು ಬಿದ್ದಲ್ಲೇ. ಬಳ್ಳಾರಿಯ ಮಣ್ಣು ಸಂರಕ್ಷಣಾ ಸಂಶೋಧನಾ ಕೇಂದ್ರ 1954ರಿಂದ ಇದೇ ಎರೆ ಮಣ್ಣಿನ ಮೇಲೆ ಕೆಲಸ ಮಾಡುತ್ತಿದೆ. ನಿಮ್ಮ ಕೆಂಪು ಮಣ್ಣಿಗೆ ನಮ್ಮದನ್ನು ಹಾಗೇ ಎತ್ತಿ ಹಾಕಬೇಡಿ. ಆದರೆ ಕೋಡಿ ಇಲ್ಲದ ಒಡ್ಡು ಎಲ್ಲೇ ಹಾಕಿದರೂ ಒಡೆಯುತ್ತೆ.

ಜೆಸಿಬಿ_ರಾಜ:

ಸರಿಯಪ್ಪ, ನಾನು ಸೋತೆ 🙏

ಕುಂಟೆ_ಕೂರಿಗೆ:

ಎರೆಹೊಲ ಅವರು ಹೇಳಿದ್ದು ಸರಿ. ಹೊಂಗೆನೆರಳು ಅವರೇ, ಈ ವರ್ಷ ಮಾಡಬಹುದಾದದ್ದು ಮೊದಲು. ಈಗಲೇ ಅಡ್ಡಲಾಗಿ ಕುಂಟೆ ಹೊಡೆಸಿ, ಹೆಕ್ಕಳೆ ಒಡೆಯಲಿ. ಕೊರಕಲಿಗೆ ಹೊರಗಿಂದ ಮಣ್ಣು ತಂದು ತುಂಬಬೇಡಿ, ಮುಂದಿನ ಮಳೆಗೆ ಅದೂ ಹೋಗುತ್ತೆ. ಹತ್ತಿಪ್ಪತ್ತು ಅಡಿಗೊಂದು ಕಡೆ ಕಲ್ಲು, ತೊಗರಿ ಕಡ್ಡಿ, ಏನು ಸಿಗುತ್ತೋ ಅದನ್ನು ಅಡ್ಡ ಇಡಿ. ನೀರು ನಿಧಾನವಾದರೆ ತಂದ ಮಣ್ಣನ್ನು ಅಲ್ಲೇ ಇಳಿಸಿ ಹೋಗುತ್ತೆ. ಹೊಂಡದ ಬಾಯಿಗೆ ಮೊದಲು ಒಂದು ಸಣ್ಣ ಹೂಳುಗುಂಡಿ ತೆಗೆಸಿ, ಬೇಸಿಗೆಯಲ್ಲಿ ಆ ಹೂಳನ್ನು ಮೇಲಿನ ಭಾಗಕ್ಕೆ ಹೇರಿ. ನಮ್ಮ ತಾತಂದಿರು ಕೆರೆ ಗೋಡು ಹೊಡೆಯುತ್ತಿದ್ದದ್ದು ಇದೇ ಅಲ್ವಾ, ಹೋದ ಮಣ್ಣನ್ನು ಗಾಡಿ ಕಟ್ಟಿ ವಾಪಸ್ ತರೋದು.

ಮುಂದಿನ ವರ್ಷಕ್ಕೆ ಬದು. ಪ್ರತಿ ಎರಡೂವರೆ ಮೂರಡಿ ಇಳಿತಕ್ಕೆ ಒಂದು ಸಾಕು, ಎತ್ತರ ಬೇಡ, ಕೋಡಿ ಬೇಕು, ಮೇಲೆ ಹುಲ್ಲೋ ಲಾವಂಚವೋ ಗೊಬ್ಬರದ ಗಿಡವೋ (ಗ್ಲಿರಿಸಿಡಿಯಾ) ಇರಲಿ. ಮಟ್ಟ ನೋಡೋಕೆ ಇಂಜಿನಿಯರ್ ಬೇಕಿಲ್ಲ, ಗಾರೆ ಕೆಲಸದವರ ನೀರಿನ ಪೈಪು ಸಾಕು. ಕೆಲಸ ಮೇಲಿನಿಂದ ಶುರು ಮಾಡಿ. ನಿಮ್ಮ ಜಿಲ್ಲೆಯಲ್ಲೇ 2001ರಲ್ಲಿ ಸುಜಲ ಜಲಾನಯನ ಯೋಜನೆ ಬಂದಾಗ ದಿಣ್ಣೆಯಿಂದ ಹಳ್ಳದ ಕಡೆಗೇ ಇಳಿದು ಬಂದರು.

ಬಿತ್ತನೆ ಅಡ್ಡ ಸಾಲು. ಎಂಟು ಸಾಲು ರಾಗಿಗೆ ಎರಡು ಸಾಲು ತೊಗರಿ, ಆ ಎರಡು ತೊಗರಿ ನಡುವೆ ಒಂದು ಆಳ ಸಾಲು ತೆಗೆಯಿರಿ. ಹಳೇ ಅಕ್ಕಡಿಯನ್ನೇ (ಮುಖ್ಯ ಬೆಳೆ ನಡುವೆ ಬೇರೆ ಬೆಳೆಯ ಸಾಲು ಹಾಕೋದು) ಬೆಂಗಳೂರು ಕೃಷಿ ವಿಶ್ವವಿದ್ಯಾಲಯ ಹೀಗೆ ತಿದ್ದಿ ಕೊಟ್ಟಿದೆ. ಬದು ಹಾಕೋಕೆ ದುಡ್ಡಿಲ್ಲ ಅಂದರೂ ಇದೊಂದನ್ನು ಮಾಡಿ, ನನ್ನ ಪ್ರಕಾರ ಅರ್ಧ ಕೆಲಸ ಇಲ್ಲೇ ಆಗುತ್ತೆ.

ಹೊಂಗೆನೆರಳು:

ಭಾನುವಾರ ಪೈಪು ಹಿಡಿದೆವು. ಒಂದು ತುದಿ ನನ್ನ ಕೈಯಲ್ಲಿ, ಒಂದು ತುದಿ ಅಪ್ಪನ ಕೈಯಲ್ಲಿ. ಒಂದೇ ಮಟ್ಟ ಸಿಕ್ಕಿದ ಕಡೆಯೆಲ್ಲ ಗೂಟ ಹೊಡೆದುಕೊಂಡು ಹೋದೆವು. ಸಾಲು ನೇರ ಬರಲಿಲ್ಲ, ಹಾವಿನ ಹಾಗೆ ಬಳುಕಿ ಬಳುಕಿ ಹೋಯಿತು. ಎರಡನೇ ಸಾಲಿನ ಆರನೇ ಗೂಟ ಸರಿಯಾಗಿ ಹೊಂಗೆ ಬುಡಕ್ಕೆ ಬಿತ್ತು. ಅಪ್ಪ ಏನೂ ಮಾತಾಡಲಿಲ್ಲ, ಬೀಡಿ ಹಚ್ಚಿದರು. ಆ ಬದು ಅಂಕುಡೊಂಕು ಇದೆ ಅಂತಲೂ ನಾನು ಕೆಡವಿಸಿದ್ದೆ.

ಡ್ರೈವರ್ ಹತ್ತಿರ ಅಡ್ಡ ಹೊಡಿ ಅಂದಿದ್ದಕ್ಕೆ ಗಂಟೆಗೆ ಇನ್ನೂರು ಜಾಸ್ತಿ ಕೇಳುತ್ತಿದ್ದಾನೆ. ಆ ಕಡೆ ಯಾರಾದರೂ ಎತ್ತು, ಕೂರಿಗೆ ಇಟ್ಟುಕೊಂಡವರು ಇದ್ದರೆ ತಿಳಿಸಿ.