ಬಾವನ ಸೀಸದ ಹರಳು

ಕೊಡಗಿನಲ್ಲಿ ಹೊಳೆಯುವ ಕಲ್ಲನ್ನು ನಾಲ್ಕು ಜನರ ಮುಂದೆ ತೋರಿಸಬಾರದು. ಭಾಗಮಂಡಲದ ಕಡೆ ಕಾಡಿನಲ್ಲಿ ಅಕ್ರಮವಾಗಿ ಅಗೆಯುವ ಹರಳು ಕಲ್ಲು ದಂಧೆಯ ಸುದ್ದಿ ಓದಿ ಓದಿ ನಮ್ಮ ಗುಂಪಿನವರೆಲ್ಲ ಅರ್ಧ ಭೂವಿಜ್ಞಾನಿಗಳು, ಅರ್ಧ ಅರಣ್ಯ ರಕ್ಷಕರು ಆಗಿಬಿಟ್ಟಿದ್ದಾರೆ. ಹಾಗಾಗಿ, ಹಡಗಿನ ಕೆಲಸದಲ್ಲಿರುವ ಮಗ ಇಟಲಿಯಿಂದ ತಂದ ಹರಳನ್ನು ಬಾವ ಜಗಲಿಯ ಮೇಜಿನ ಮೇಲಿಟ್ಟಾಗ, ನಿವೃತ್ತ ಸುಬೇದಾರರು ಮೊದಲು ಕೇಳಿದ್ದು, “ರಸೀದಿ ಇದೆಯೇ?”

“ಇದೆ. ಫಾಸ್ಜೆನೈಟ್ ಎಂದು ಹೆಸರು. ಸಾರ್ಡೀನಿಯಾ ದ್ವೀಪದ ಮೊಂಟೆಪೋನಿ ಗಣಿಯದು. ಇವಳಿಗೆ ಉಂಗುರ ಮಾಡಿಸಬೇಕು,” ಎಂದು ಬಾವ ಅಕ್ಕನ ಕಡೆ ನೋಡಿದರು.

ಚಿನ್ನದಂಗಡಿಯ ಆಚಾರಿ ಹರಳನ್ನು ಕೈಗೆತ್ತಿಕೊಂಡವರೇ ಹುಬ್ಬೇರಿಸಿದರು. “ಇಷ್ಟು ಚಿಕ್ಕದಕ್ಕೆ ಇಷ್ಟು ತೂಕವೇ?”

“ಒಳಗಿರುವುದು ಸೀಸ,” ಎಂದರು ರಸಾಯನಶಾಸ್ತ್ರದ ಮೇಷ್ಟರು. “ಸೀಸದ ಕಾರ್ಬೊನೇಟ್ ಮತ್ತು ಕ್ಲೋರೈಡ್ ಕೂಡಿದ ಖನಿಜ. ಒಂದು ಲೀಟರ್ ಅಳತೆಯ ಫಾಸ್ಜೆನೈಟ್ ಆರು ಕಿಲೋ ದಾಟುತ್ತದೆ.”

“ಹಾಗಾದರೆ ಕರಿಮೆಣಸಿನ ಚೀಲದಲ್ಲಿ...” ಎಂದು ಬಾವ ಶುರುಮಾಡಿದ್ದನ್ನು ಸುಬೇದಾರರ ಒಂದೇ ನೋಟ ನಿಲ್ಲಿಸಿತು.

ಹೊಳಪಿನ ವಿಷಯದಲ್ಲಿ ಮಾತ್ರ ಬಾವನನ್ನು ತಪ್ಪೆನ್ನುವ ಹಾಗಿಲ್ಲ. ಬೆಳಕನ್ನು ಬಾಗಿಸುವ ಗುಣ ಗಾಜಿಗೆ 1.5 ಎಂದರೆ ಇದಕ್ಕೆ 2.1ಕ್ಕೂ ಮಿಗಿಲು, ವಜ್ರಕ್ಕೆ 2.42. ಆದರೆ ಮೋಸ್ ಗಡಸುತನದ ಅಳತೆಯಲ್ಲಿ ವಜ್ರ 10, ಇದು 2ರಿಂದ 3. ಚಾಕು ಹಿಡಿದರೆ ಹಬೆಯಲ್ಲಿ ಬೇಯಿಸಿದ ಪಾಪುಟ್ಟಿನ ಹಾಗೆ ಕೊಯ್ಯಬಹುದು ಎಂದು ಮೇಷ್ಟರು ಹೇಳಿದ್ದೇ ತಡ, ಆಚಾರಿ ಕಲ್ಲನ್ನು ಮೆಲ್ಲನೆ ಮೇಜಿನ ಮೇಲಿಟ್ಟು ಕೈ ಹಿಂದಕ್ಕೆ ಕಟ್ಟಿಕೊಂಡರು.

“ನನ್ನ ಅಂಗಡಿಗೆ ತರಬೇಡಿ. ಉರಿ ತಾಗಿಸಿದರೆ ಕರಗುತ್ತದೆ, ಚಿನ್ನ ಪರೀಕ್ಷೆಯ ನೈಟ್ರಿಕ್ ಆಮ್ಲ ಬಿದ್ದರೆ ನೊರೆಯೆದ್ದು ಹೋಗುತ್ತದೆ. ಉಂಗುರ ಮಾಡಿ ಕೊಟ್ಟೆನೆಂದೇ ಇಟ್ಟುಕೊಳ್ಳಿ, ಅಕ್ಕ ಒಮ್ಮೆ ಅಕ್ಕಿ ತೊಳೆದರೆ ಮುಗಿಯಿತು.”

“ಅಕ್ಕಿ ನಾನೇ ತೊಳೆಯಬೇಕೆಂದು ಯಾರು ಹೇಳಿದರು?” ಎಂದು ಅಕ್ಕ ಕೇಳಿದಳು. ಉತ್ತರ ಬರಲಿಲ್ಲ.

ಇದನ್ನು ರತ್ನದ ಹಾಗೆ ಕೊಯ್ಯಿಸಿ ಹೊಳಪು ಕೊಡಿಸುವವರೂ ಇದ್ದಾರೆ, ಆದರೆ ಧರಿಸುವುದಕ್ಕಲ್ಲ, ಡಬ್ಬಿಯಲ್ಲಿಟ್ಟು ನೋಡುವುದಕ್ಕೆ. ಬಾವನಿಗೆ ಈ ಶೋಕಿ ಅರ್ಥವಾಗಲಿಲ್ಲ. ಮೂರು ಸಲವೂ ಓಡಿಸದ ಜೀಪನ್ನು ಶೆಡ್ಡಿನಲ್ಲಿಟ್ಟು ಪ್ರತಿ ಭಾನುವಾರ ಒರೆಸುವ ಮನುಷ್ಯ!

“ಇರಲಿ, ನಮ್ಮ ತೋಟದಲ್ಲಿ ಸಿಗಬಹುದೇ?”

“ಸಿಗಬೇಕಾದರೆ ಸೀಸದ ಅದಿರು ಗೆಲೀನಾ ಬೇಕು. ಅದು ಮೇಲ್ಪದರದಲ್ಲಿ ಗಾಳಿ ನೀರಿಗೆ ಕೊಳೆಯಬೇಕು, ಜೊತೆಗೆ ಕ್ಲೋರೈಡ್ ಇರುವ ನೀರು ಸೇರಬೇಕು. ಇಂಗ್ಲೆಂಡಿನ ಡರ್ಬಿಶೈರ್, ನಮೀಬಿಯಾದ ಸುಮೆಬ್, ಮೊಂಟೆಪೋನಿ, ಹೀಗೆ ಕೆಲವೇ ಕಡೆ ಒಳ್ಳೆಯ ಹರಳುಗಳು ಬಂದಿವೆ. ನಿಮ್ಮ ತೋಟದ ಸೀಸವೆಲ್ಲ ಕೋವಿಯ ಗುಂಡಿನಲ್ಲಿದೆ.”

ಮೇಷ್ಟರು ಅಲ್ಲಿಗೆ ನಿಲ್ಲಿಸಬೇಕಿತ್ತು. ಗ್ರೀಸಿನ ಲಾರಿಯಂ ಕಥೆ ತೆಗೆದರು. ಪ್ರಾಚೀನ ಗ್ರೀಕರು ಅಲ್ಲಿ ಬೆಳ್ಳಿ ತೆಗೆದು, ಸೀಸ ಉಳಿದ ಕಿಟ್ಟವನ್ನು ಸಮುದ್ರದ ದಂಡೆಗೆ ಸುರಿದಿದ್ದರು. ಉಪ್ಪುನೀರು ಆ ಕಿಟ್ಟದ ಪೊಟರೆಗಳಲ್ಲಿ ಸುಮಾರು ಎರಡು ಸಾವಿರ ವರ್ಷ ಕೆಲಸ ಮಾಡಿ ಫಾಸ್ಜೆನೈಟನ್ನೂ ಅದರ ಬಂಧುಗಳನ್ನೂ ಬೆಳೆಸಿತು.

“ಗುಂಡುಗಳನ್ನು ಉಪ್ಪುನೀರಿನ ಬಕೆಟ್ಟಿಗೆ ಹಾಕಿಟ್ಟರಾಯಿತು!” ಬಾವನ ಕಣ್ಣು ಅರಳಿತು.

“ಎರಡು ಸಾವಿರ ವರ್ಷ, ಬಾವ.”

“ಕಾಫಿಗೆ ಬೆಲೆ ಬರಲೆಂದು ಕಾದವನಿಗೆ ಅದೇನು ಮಹಾ?”

ಈಜಿಪ್ಟಿನವರಿಗೆ ಅಷ್ಟು ತಾಳ್ಮೆ ಇರಲಿಲ್ಲ. ಲೂವ್ರ್ ಸಂಗ್ರಹಾಲಯದಲ್ಲಿರುವ ಅವರ ಕಾಡಿಗೆ ಭರಣಿಗಳ ಪುಡಿಯನ್ನು ಪರೀಕ್ಷಿಸಿದ ಫ್ರೆಂಚ್ ವಿಜ್ಞಾನಿಗಳು 1999ರಲ್ಲಿ ‘ನೇಚರ್’ ಪತ್ರಿಕೆಯಲ್ಲಿ ಬರೆದ ಪ್ರಕಾರ, ಅದರಲ್ಲಿ ಫಾಸ್ಜೆನೈಟ್ ಇತ್ತು. ಪ್ರಕೃತಿಯಲ್ಲಿ ಇಷ್ಟು ಅಪರೂಪದ್ದು ಭರಣಿ ಭರಣಿಯಲ್ಲಿ ಹೇಗೆ ಬಂತು? ಸೀಸದ ಆಕ್ಸೈಡನ್ನು ಉಪ್ಪು, ಸೋಡಾ ಸೇರಿದ ನೀರಿನಲ್ಲಿ ಕಲಸಿ, ದಿನಗಟ್ಟಲೆ ನೀರು ಬದಲಿಸುತ್ತ ಈಜಿಪ್ಟಿನವರೇ ತಯಾರಿಸಿದ್ದರು ಎಂಬುದು ಆ ವಿಜ್ಞಾನಿಗಳ ತೀರ್ಮಾನ. ಕ್ರಿಸ್ತಪೂರ್ವ 2000ದ ಹೊತ್ತಿಗೇ! ನಮ್ಮ ಮೇಷ್ಟರ ಪ್ರಯೋಗಾಲಯದಲ್ಲಿ ಇವತ್ತಿಗೂ ಬನ್ಸೆನ್ ಬರ್ನರ್ ಹತ್ತುವುದಿಲ್ಲ.

“ಸೀಸವನ್ನು ಕಣ್ಣಿಗೆ ಹಚ್ಚುತ್ತಿದ್ದರೇ?” ಅಕ್ಕ ಬೆಚ್ಚಿದಳು.

“ಕಣ್ಣಿನ ಔಷಧಿ ಎಂದೇ ಹಚ್ಚುತ್ತಿದ್ದರು. ನೀನು ಹಚ್ಚಬೇಡ, ಸೀಸ ವಿಷವೇ.”

ಅಷ್ಟರಲ್ಲಿ ಆಚಾರಿ ಚೀಲದಿಂದ ಖೋಟಾ ನೋಟು ಹಿಡಿಯುವ ನೇರಳಾತೀತ ದೀಪ ತೆಗೆದರು. ಸುಬೇದಾರರು ಅದನ್ನು ಕಿತ್ತುಕೊಂಡು ಬಾಗಿಲು ಮುಚ್ಚಿಸಿ, ಕಲ್ಲಿನ ಮೇಲೆ ಹಿಡಿದರು. ಮಂಕಾಗಿದ್ದ ಹರಳು ಹಳದಿಯಾಗಿ ಬೆಳಗಿತು. ಮೊಂಟೆಪೋನಿಯ ಫಾಸ್ಜೆನೈಟಿಗೆ ಈ ಗುಣ ಪ್ರಸಿದ್ಧ. ಅಲ್ಲಿಯವರೆಗೆ ರಸೀದಿಯನ್ನೇ ನಂಬದಿದ್ದ ಸುಬೇದಾರರು “ಅಸಲಿ!” ಎಂದು ಘೋಷಿಸಿ ಸೆಲ್ಯೂಟ್ ಹೊಡೆಯುವುದೊಂದು ಬಾಕಿ.

ಹಾಕಿ ಆಟದಲ್ಲಿ ಬಂದ ಕಪ್ಪಿನ ಪಕ್ಕ, ಗಾಜಿನ ಬೀರುವಿನೊಳಗೆ ಬಾವ ಅದನ್ನು ಇಟ್ಟರು. ಅಕ್ಕ ಕಡಂಬುಟ್ಟಿನ ತಟ್ಟೆ ತಂದು, ಸೋಪು ಹಾಕಿ ಕೈ ತೊಳೆದವರಿಗೆ ಮಾತ್ರ ಎಂದಳು. ನಾವೆಲ್ಲ ನಲ್ಲಿಯ ಕಡೆ ಸಾಲಾಗಿ ಹೋಗಿ ಬರುವಷ್ಟರಲ್ಲಿ ಸುಬೇದಾರರು ಮೂರನ್ನು ಮುಗಿಸಿದ್ದರು.

“ನಾನು ಕಲ್ಲು ಮುಟ್ಟಲೇ ಇಲ್ಲ. ದೀಪ ಮಾತ್ರ ಹಿಡಿದಿದ್ದೆ,” ಎಂದರು.