ಟಿ.ಎನ್. ಬಾಲಕೃಷ್ಣ ಅವರಿಗೆ ಕಿವಿ ಕೇಳಿಸ್ತಿರಲಿಲ್ಲ ಅಂದ್ರೆ ಡೈಲಾಗ್ ಟೈಮಿಂಗ್ ಅಷ್ಟು ಕರೆಕ್ಟಾಗಿ ಹೇಗೆ ಬರ್ತಿತ್ತು?

ಹಳೇರೀಲು (ಪ್ರಶ್ನೆ):
ನಿನ್ನೆ ಟಿವಿಯಲ್ಲಿ ಬಂಗಾರದ ಮನುಷ್ಯ ಮತ್ತೆ ಬಂತು. ಎಷ್ಟನೇ ಸಲವೋ, ಆದರೂ ಕೂತು ನೋಡಿದೆ. ರಾಚೂಟಪ್ಪನ ಪಾತ್ರ ಮಾಡಿದ ಬಾಲಕೃಷ್ಣ ಅವರಿಗೆ ಚಿಕ್ಕಂದಿನಿಂದಲೇ ಕಿವಿ ಸರಿಯಾಗಿ ಕೇಳಿಸುತ್ತಿರಲಿಲ್ಲ ಅಂತ ಪಕ್ಕದಲ್ಲಿದ್ದ ನಮ್ಮ ಮಾವ ಹೇಳಿದರು. ನಂಬಲಿಕ್ಕೇ ಆಗಲಿಲ್ಲ. ರಾಜ್‌ಕುಮಾರ್ ಎದುರು ಮಾತಿಗೆ ಮಾತು ಕೊಡುವಾಗ ಒಂದು ಕಡೆಯೂ ತಡವರಿಸುವುದಿಲ್ಲ, ಮುಂಚೆ ಶುರು ಮಾಡುವುದೂ ಇಲ್ಲ. ಎದುರಿನವರು ಮಾತು ಮುಗಿಸಿದ್ದು ಕೇಳಿಸದೆ ಇದ್ದರೆ ಇದು ಹೇಗೆ ಸಾಧ್ಯ? ಅವರು ನಾಟಕದಿಂದ ಬಂದವರು ಅನ್ನುವುದಷ್ಟೇ ನನಗೆ ಗೊತ್ತು. ತಿಳಿದವರು ಸ್ವಲ್ಪ ವಿವರವಾಗಿ ಹೇಳ್ತೀರಾ?

ಸೈಡ್‌ವಿಂಗ್:
ನಿಮ್ಮ ಮಾವ ಹೇಳಿದ್ದು ನಿಜ. ಎದುರಿನವರ ತುಟಿ ನೋಡಿ ಮಾತು ಹಿಡಿಯುತ್ತಿದ್ದರು. ಆದರೆ ಬರೀ ತುಟಿ ಓದಿದರೆ ಸಾಲದು. ಸಿನಿಮಾದಲ್ಲಿ ಎಷ್ಟೋ ಸಲ ಎದುರಿನವರು ಬೆನ್ನು ತಿರುಗಿಸಿ ಮಾತಾಡುತ್ತಾರೆ, ಪಕ್ಕಕ್ಕೆ ನಿಂತು ಮಾತಾಡುತ್ತಾರೆ. ಅಲ್ಲಿ ಕೆಲಸಕ್ಕೆ ಬರುವುದು ನಾಟಕದ ಅಭ್ಯಾಸ, ನನಗೆ ಅನಿಸುವುದು ಹೀಗೆ.

ಕಂಪನಿ ನಾಟಕದ ವ್ಯವಸ್ಥೆ ಗೊತ್ತಿಲ್ಲದವರಿಗೆ ಹೇಳ್ತೀನಿ. ವಿಂಗ್ ಹಿಂದೆ ಒಬ್ಬ ಪ್ರಾಂಪ್ಟರ್ ಕೈಯಲ್ಲಿ ಪ್ರತಿ ಹಿಡಿದು ನಿಂತಿರುತ್ತಾನೆ, ನಟ ಮಾತು ಮರೆತರೆ ಮೆಲ್ಲಗೆ ಎತ್ತಿಕೊಡುತ್ತಾನೆ. ದೊಡ್ಡ ದೊಡ್ಡ ನಟರೂ ಆ ದನಿಯ ಮೇಲೆ ಒಂದು ಕಿವಿ ಇಟ್ಟೇ ಪಾತ್ರ ಮಾಡುತ್ತಿದ್ದರು. ಕಿವಿ ಕೇಳಿಸದವರಿಗೆ ಆ ಆಸರೆಯೇ ಇಲ್ಲ ನೋಡಿ. ಹಾಗಾಗಿ ತನ್ನ ಮಾತು ಮಾತ್ರ ಅಲ್ಲ, ಎದುರಿನವರ ಮಾತನ್ನೂ ಪೂರ್ತಿ ಬಾಯಿಪಾಠ ಮಾಡಿಟ್ಟುಕೊಳ್ಳಬೇಕು, ಯಾವ ಮಾತಿಗೆ ಅವರು ಕೈ ಎತ್ತುತ್ತಾರೆ, ಎಲ್ಲಿ ಒಂದು ಹೆಜ್ಜೆ ಹಿಂದೆ ಇಡುತ್ತಾರೆ, ಎಲ್ಲಿ ಉಸಿರು ತೆಗೆದುಕೊಳ್ಳುತ್ತಾರೆ ಅದನ್ನೆಲ್ಲಾ ಗಮನಿಸಿರಬೇಕು. ವರ್ಷಗಟ್ಟಲೆ ರಾತ್ರಿ ರಾತ್ರಿ ಇದನ್ನೇ ಮಾಡಿದವರಿಗೆ ಕ್ಯಾಮೆರಾ ಮುಂದೆ ಎರಡು ನಿಮಿಷದ ದೃಶ್ಯ ದೊಡ್ಡದಲ್ಲ.

ಇನ್ನೊಂದು, ಅವರು ಮಾತನ್ನು ಸ್ವಲ್ಪ ಎಳೆದು, ಒತ್ತಿ ಹೇಳುವ ರೀತಿ ಇದೆಯಲ್ಲ, ಕಣ್ಣು ಮುಚ್ಚಿಕೊಂಡು ಕೇಳಿದರೂ ಇದು ಬಾಲಣ್ಣ ಅಂತ ಗೊತ್ತಾಗುತ್ತದೆ. ತನ್ನ ದನಿಯೇ ತನಗೆ ಸರಿಯಾಗಿ ಕೇಳಿಸದೆ ಇರುವುದರಿಂದ ಆ ಶೈಲಿ ಬಂತೋ ಏನೋ. ಇದು ಊಹೆ ಅಷ್ಟೇ, ಯಾರೂ ಇದನ್ನು ಹಿಡಿದು ಜಗಳಕ್ಕೆ ಬರಬೇಡಿ.

ಅರಸೀಕೆರೆ_ಪ್ಯಾಸೆಂಜರ್:
ನಮ್ಮ ಊರಿನವರು ಸ್ವಾಮಿ! ಹಾಸನ ಜಿಲ್ಲೆ ಅರಸೀಕೆರೆ. ಇಲ್ಲಿ ಯಾರೂ ಇದನ್ನು ಹೇಳದೆ ಹೋದರೆ ನನಗೆ ನಿದ್ದೆ ಬರಲ್ಲ.

ಅವರ ಮೊದಲ ಸಿನಿಮಾ 1943ರ ರಾಧಾರಮಣ, ಎಂ.ವಿ. ರಾಜಮ್ಮ ನಿರ್ಮಿಸಿದ್ದು. ಜಿ.ವಿ. ಅಯ್ಯರ್ ತೆರೆಗೆ ಬಂದದ್ದೂ ಅದರಲ್ಲೇ. ಆದರೆ ಆಗ ಕನ್ನಡ ಸಿನಿಮಾ ವರ್ಷಕ್ಕೆ ಬೆರಳೆಣಿಕೆಯಷ್ಟು ಬರುತ್ತಿದ್ದವು, ಕೆಲವು ವರ್ಷ ಅದೂ ಇಲ್ಲ. ಒಂದು ಸಿನಿಮಾ ಮಾಡಿದ ಮಾತ್ರಕ್ಕೆ ಹೊಟ್ಟೆ ತುಂಬುತ್ತಿರಲಿಲ್ಲ. ಮತ್ತೆ ನಾಟಕಕ್ಕೇ ವಾಪಸ್ಸು. ಈಗಿನವರು 'ರಂಗಭೂಮಿಯಿಂದ ಸಿನಿಮಾಕ್ಕೆ' ಅಂತ ಒಂದೇ ದಿಕ್ಕಿನ ರೈಲಿನ ಹಾಗೆ ಬರೀತಾರೆ. ಆ ಕಾಲದವರು ಎರಡೂ ಕಡೆ ಓಡಾಡಿಕೊಂಡೇ ಇದ್ದರು.

ಬೇಡರ ಕಣ್ಣಪ್ಪ 1954ರಲ್ಲಿ ಬಂದು ಹೆಸರು ಮಾಡಿದ ಮೇಲೂ ಪರಿಸ್ಥಿತಿ ಭಾರಿ ಏನೂ ಬದಲಾಗಲಿಲ್ಲ. ರಾಜ್‌ಕುಮಾರ್, ನರಸಿಂಹರಾಜು, ಬಾಲಕೃಷ್ಣ, ಅಯ್ಯರ್ ನಾಲ್ವರೂ ಸೇರಿ ಕನ್ನಡ ಕಲಾವಿದರ ಸಂಘ ಅಂತ ಕಟ್ಟಿಕೊಂಡು ಊರೂರು ತಿರುಗಿ ನಾಟಕ ಆಡಿದರು. ತೆರೆ ಮೇಲೆ ಕಣ್ಣಪ್ಪನಾಗಿದ್ದ ಹೀರೋನೇ ಬಂದು ಎದುರಿಗೆ ಅದೇ ಪಾತ್ರ ಮಾಡಿದರೆ ಜನ ಬಿಡ್ತಾರಾ? ಮುಂದೆ 1960ರಲ್ಲಿ ಆ ಸಂಘವೇ ರಣಧೀರ ಕಂಠೀರವ ತೆಗೆಯಿತು. ನಟರೇ ಸೇರಿ ನಿರ್ಮಾಪಕರಾದದ್ದು ಸಣ್ಣ ಮಾತಲ್ಲ.

ಮೈಸೂರ್_ಮೇಷ್ಟ್ರು:
ಎಲ್ಲರೂ ಕಿವಿಯ ವಿಷಯವನ್ನೇ ಹಿಡಿದುಕೊಂಡಿದ್ದೀರಿ. ಅದು ದೊಡ್ಡ ಸಾಧನೆ, ಒಪ್ಪಿದೆ. ಆದರೆ ಅವರನ್ನು 'ಕಿವಿ ಕೇಳಿಸದಿದ್ದರೂ ನಟಿಸಿದವರು' ಅಂತ ಮಾತ್ರ ನೆನೆಯುವುದು ನನಗೆ ಅಷ್ಟು ಸರಿ ಕಾಣುವುದಿಲ್ಲ. ಕಿವಿ ಚೆನ್ನಾಗಿ ಕೇಳಿಸುವ ಎಷ್ಟು ಜನ ನಟರಿಗೆ ಅವರಷ್ಟು ಬಗೆಯ ಪಾತ್ರ ಸಿಕ್ಕಿದೆ ಹೇಳಿ? 500ಕ್ಕೂ ಹೆಚ್ಚು ಸಿನಿಮಾ ಅಂತ ಲೆಕ್ಕ ಹೇಳುತ್ತಾರೆ. ಒಂದರಲ್ಲಿ ಮನೆಹಾಳು ಮಾಡುವ ಜಿಪುಣ, ಇನ್ನೊಂದರಲ್ಲಿ ದೇವರಂಥ ಮುದುಕ, ಮತ್ತೊಂದರಲ್ಲಿ ನಗಿಸಿ ಸಾಕುಮಾಡುವ ದಲ್ಲಾಳಿ. ನರಸಿಂಹರಾಜು ತೆರೆಗೆ ಬಂದ ಕೂಡಲೇ ಜನ ನಗಲು ರೆಡಿಯಾಗುತ್ತಿದ್ದರು. ಬಾಲಕೃಷ್ಣ ಬಂದರೆ ಇವನು ಈ ಸಲ ಒಳ್ಳೆಯವನೋ ಕೆಟ್ಟವನೋ ಅಂತ ಸ್ವಲ್ಪ ಹೊತ್ತು ಕಾಯಬೇಕಿತ್ತು. ಆ ಅನುಮಾನವೇ ಅವರ ಬಂಡವಾಳ ಅಂತೀನಿ ನಾನು.

ಇದೂ ಕಂಪನಿ ನಾಟಕದ ಪಾಠವೇ. ಅಲ್ಲಿ ಇವತ್ತು ರಾಕ್ಷಸ, ನಾಳೆ ಋಷಿ, ಯಾರಿಗಾದರೂ ಜ್ವರ ಬಂದರೆ ಅವರ ಪಾತ್ರವೂ ನಿನ್ನದೇ.

ಗಾಂಧಿನಗರ_ವಾಕರ್:
ಅಭಿಮಾನ್ ಸ್ಟುಡಿಯೋ ಬಗ್ಗೆ ಯಾರೂ ಹೇಳಲೇ ಇಲ್ವಲ್ಲ. ಆಗ ಕನ್ನಡ ಸಿನಿಮಾದ ಹೆಚ್ಚಿನ ಕೆಲಸವೆಲ್ಲಾ ಮದ್ರಾಸಿನಲ್ಲಿ. ಫ್ಲೋರ್ ಬಾಡಿಗೆ, ಊಟ, ವಸತಿ, ಲ್ಯಾಬ್ ಎಲ್ಲಾ ಅಲ್ಲೇ. ನಮ್ಮ ನೆಲದಲ್ಲಿ ನಮ್ಮದೇ ಸ್ಟುಡಿಯೋ ಬೇಕು ಅಂತ ಬಾಲಕೃಷ್ಣ ಹಟ ಹಿಡಿದರು. ಕೆಂಗೇರಿ ಹತ್ತಿರ ಸರ್ಕಾರದಿಂದ 20 ಎಕರೆ ಸಿಕ್ಕಿತು. ಆದರೆ ಸ್ಟುಡಿಯೋ ಅಂದರೆ ಜಾಗ ಒಂದಿದ್ದರೆ ಆಯ್ತಾ? ಲೈಟು, ಕ್ಯಾಮೆರಾ, ರೆಕಾರ್ಡಿಂಗ್ ಸಾಮಾನು, ವರ್ಷವಿಡೀ ಬಾಡಿಗೆಗೆ ಬರುವ ನಿರ್ಮಾಪಕರು ಎಲ್ಲಾ ಬೇಕು. ಪೋಷಕ ನಟನ ಸಂಪಾದನೆಯಲ್ಲಿ ಅದನ್ನು ನಡೆಸುವುದು ಆಗದ ಮಾತು. ಅವರು 1995ರಲ್ಲಿ ತೀರಿಕೊಂಡರು, ಸ್ಟುಡಿಯೋ ಅವರು ಅಂದುಕೊಂಡ ಹಾಗೆ ಬೆಳೆಯಲೇ ಇಲ್ಲ.

ಈಗಿನ ಹುಡುಗರಿಗೆ ಆ ಜಾಗ ಗೊತ್ತಿರುವುದು ವಿಷ್ಣುವರ್ಧನ್ ಅವರಿಂದ. 2009ರ ಡಿಸೆಂಬರ್‌ನಲ್ಲಿ ಅವರ ಅಂತ್ಯಕ್ರಿಯೆ ನಡೆದದ್ದು ಅಲ್ಲೇ. ಆಮೇಲಿನ ಸ್ಮಾರಕದ ಗಲಾಟೆ, ಕೋರ್ಟು ಕಚೇರಿ ಎಲ್ಲರಿಗೂ ಗೊತ್ತಿದೆ, ಅದಕ್ಕೆ ಇಲ್ಲಿ ಇಳಿಯುವುದು ಬೇಡ. ಆದರೆ ಅಷ್ಟು ವರ್ಷ ನಡೆದ ಗಲಾಟೆಯಲ್ಲಿ ಸ್ಟುಡಿಯೋ ಕಟ್ಟಿದವರ ಹೆಸರು ಎಷ್ಟು ಸಲ ಬಂತು?

ಹಳೇರೀಲು:
ಎಲ್ಲರಿಗೂ ಥ್ಯಾಂಕ್ಸ್. ಒಂದು ಪ್ರಶ್ನೆ ಮಾತ್ರ ಉಳಿಯಿತು. ಹಾಡಿನ ದೃಶ್ಯ ಇದ್ದರೆ? ಅಲ್ಲಿ ಹಾಡು ಹಾಕಿ ಅದಕ್ಕೆ ತುಟಿ ಆಡಿಸಬೇಕಲ್ವಾ?

ಸೈಡ್‌ವಿಂಗ್:
ಅಲ್ಲೂ ಕಣ್ಣೇ ಗತಿ. ಹಾಡಿಗೆ ತಾಳ ಇರುತ್ತದೆ, ಕ್ಯಾಮೆರಾ ಹಿಂದೆ ಒಬ್ಬರು ಕೈಯಲ್ಲಿ ತಾಳ ತೋರಿಸಿದರೆ ಸಾಲು ಎಲ್ಲಿ ಶುರುವಾಗುತ್ತದೆ ಅಂತ ತಿಳಿಯುತ್ತದೆ, ಉಳಿದದ್ದು ಬಾಯಿಪಾಠ. ನಿಜ ಹೇಳಬೇಕಂದ್ರೆ ನನಗೆ ಹಾಡಿಗಿಂತ ಕಷ್ಟ ಅನಿಸುವುದು ಮೂರ್ನಾಲ್ಕು ಜನ ಒಟ್ಟಿಗೆ ಮಾತಾಡುವ ದೃಶ್ಯ, ಯಾಕಂದ್ರೆ ಅಲ್ಲಿ ಯಾರ ತುಟಿ ನೋಡೋದು? ಮುಂದಿನ ಸಲ ಅವರ ಸಿನಿಮಾ ನೋಡುವಾಗ ಅಂಥ ದೃಶ್ಯ ಬಂದರೆ ಮಾತಾಡುವವರನ್ನು ಬಿಟ್ಟು ಬಾಲಣ್ಣನ ಕಣ್ಣು ಎಲ್ಲೆಲ್ಲಿ ಓಡುತ್ತದೆ ಅಂತ ನೋಡಿ, ಆಮೇಲೆ ಇಲ್ಲಿ ಬಂದು ಬರೀರಿ.