ಮಗನಿಗೆ ‘ಚೆಕ್’ ಗೊಂದಲ ಅಂತ ಮನೆಯಲ್ಲಿ ಕನ್ನಡ ಬಿಡಬೇಕಾ?

ಮುಂಬೈ ಮುಲುಂಡಿನ ಅಕ್ಕ ಕೇಳಿದ ಪ್ರಶ್ನೆಗೆ ಸ್ವಲ್ಪ ಉದ್ದದ ಉತ್ತರ ಬರೆಯುತ್ತಿದ್ದೇನೆ, ಪುರುಸೊತ್ತಿದ್ದಾಗ ಓದಿ. ಬ್ಯಾಂಕಿನ ಚೆಕ್ಕೂ ಚೆಕ್ಕೇ, ಚೌಕಳಿ ಶರ್ಟೂ ಚೆಕ್ಸೇ, ಹೋಮ್‌ವರ್ಕ್ ತಿದ್ದೋದೂ ಚೆಕ್ಕೇ ಅಂತ ಮಗ ತಲೆ ಕೆಡಿಸಿಕೊಂಡಿದ್ದಾನೆ, ಅದಕ್ಕೆ ಟೀಚರ್ ‘ಮನೆಯಲ್ಲಿ ಇಂಗ್ಲಿಷೇ ಮಾತಾಡಿ’ ಅಂದರು ಅಂತ ಬರೆದಿದ್ದೀರಿ. ಅಕ್ಕಾ, ಕನ್ನಡ ಬಿಡಬೇಡಿ. ಇದರಲ್ಲಿ ಕನ್ನಡದ್ದೇನೂ ತಪ್ಪಿಲ್ಲ, ಆ ಪದವೇ ಅಂಥದ್ದು. ಒಂದು ಚದುರಂಗದ ಹಾಸು ಎದುರಿಗಿಟ್ಟುಕೊಂಡು ಕೂತರೆ ಅದರ ಕಥೆ ಪೂರ್ತಿ ಹೇಳಬಹುದು.

ನಮ್ಮ ಚತುರಂಗ ಪರ್ಷಿಯಾಕ್ಕೆ ಹೋಗಿ ಚತ್ರಂಗ್ ಆಯಿತು, ಅರಬರ ಬಾಯಲ್ಲಿ ಶತ್ರಂಜ್ ಆಯಿತು. ಎದುರಾಳಿಯ ರಾಜನ ಮೇಲೆ ಕಾಯಿ ಬಿಟ್ಟಾಗ ಪರ್ಷಿಯಾದವರು ‘ಷಾ’ ಅನ್ನುತ್ತಿದ್ದರು. ಷಾ ಅಂದರೆ ರಾಜ. ನಿನ್ನ ರಾಜನನ್ನು ನೋಡಿಕೋ ಮಾರಾಯಾ ಅಂತ. ಆಟದ ಜೊತೆಗೆ ಈ ಕೂಗೂ ಯುರೋಪಿಗೆ ಹೋಯಿತು. ಲ್ಯಾಟಿನ್‌ನಲ್ಲಿ ಸ್ಕಾಕಸ್, ಹಳೇ ಫ್ರೆಂಚಿನಲ್ಲಿ ಎಶೆಕ್, ಇಂಗ್ಲಿಷಿಗೆ ಬರೋ ಹೊತ್ತಿಗೆ ಚೆಕ್. ಆ ಫ್ರೆಂಚ್ ಪದದ ಬಹುವಚನದಿಂದಲೇ ‘ಚೆಸ್’ ಹುಟ್ಟಿದ್ದು.

ರಾಜನಿಗೆ ಚೆಕ್ ಬಿದ್ದರೆ ಮಿಕ್ಕಿದ್ದೆಲ್ಲ ಬಿಟ್ಟು ಮೊದಲು ಅವನನ್ನು ಉಳಿಸಬೇಕು, ಅಲ್ವಾ? ಹಾಗಾಗಿ ಚೆಕ್ ಅಂದರೆ ತಡೆ ಅಂತಾಯಿತು. ತಡೆದು ನಿಲ್ಲಿಸಿದವರು ಸುಮ್ನೆ ಬಿಡ್ತಾರಾ, ಒಳಗೆ ಏನಿದೆ ಅಂತ ನೋಡ್ತಾರೆ. ಈ ‘ನೋಡಿ ತಾಳೆ ಹಾಕು’ ಅನ್ನೋ ಅರ್ಥ ಬಂದದ್ದು ಆಮೇಲೆ, ಬಹಳ ಕಾಲ ಕಳೆದ ಮೇಲೆ. ನಿಮಗೆ ಇದನ್ನು ತೋರಿಸೋಕೆ ದೂರ ಹೋಗಬೇಕಾಗಿಯೇ ಇಲ್ಲ, ನಿಮ್ಮ ಚೆಕ್ ನಾಕಾ ಇದೆಯಲ್ಲ! ಠಾಣೆ ಕಡೆಯಿಂದ ಮುಂಬೈ ಒಳಗೆ ಬರೋ ಲಾರಿಗಳನ್ನು ಅಲ್ಲಿ ನಿಲ್ಲಿಸಿ, ಸಾಮಾನು ನೋಡಿ, ಜಕಾತಿ (ಊರೊಳಗೆ ಬರೋ ಸಾಮಾನಿನ ಸುಂಕ) ವಸೂಲಿ ಮಾಡ್ತಿದ್ದರು. ತಡೆಯೋದು, ತಪಾಸಣೆ ಮಾಡೋದು, ಎರಡೂ ಒಂದೇ ಜಾಗದಲ್ಲಿ. ಸುಂಕದವನ ಹತ್ತಿರ ಸುಖದುಃಖ ಹೇಳಿಕೊಳ್ಳೋ ಆ ಕಾಲ 2017ರ ಜುಲೈ 1ಕ್ಕೆ ಮುಗಿಯಿತು, ಜಿಎಸ್‌ಟಿ ಬಂತು, ಜಕಾತಿ ಹೋಯಿತು, ಹೆಸರು ಮಾತ್ರ ಹಾಗೇ ಇದೆ.

ಚೌಕಳಿ ಶರ್ಟಿಗೆ ಜಾಸ್ತಿ ವಿವರ ಬೇಕಿಲ್ಲ, ಚದುರಂಗದ ಹಾಸಿನ ಮನೆಗಳನ್ನು ತೋರಿಸಿದರೆ ಮಗುವೇ ಹೇಳುತ್ತದೆ.

ಬ್ಯಾಂಕಿನ ಚೆಕ್ ಕಥೆ ಮಾತ್ರ ನನಗೆ ತುಂಬಾ ಇಷ್ಟ. 12ನೇ ಶತಮಾನದ ಇಂಗ್ಲೆಂಡಿನಲ್ಲಿ ರಾಜನ ಲೆಕ್ಕ ನೋಡೋ ಮೇಜಿನ ಮೇಲೆ ಚದುರಂಗದ ಹಾಸಿನಂಥ ಚೌಕಳಿ ಬಟ್ಟೆ ಹಾಸುತ್ತಿದ್ದರು. ಆ ಮನೆಗಳಲ್ಲಿ ಬಿಲ್ಲೆ ಇಟ್ಟು, ಸರಿಸಿ, ಕೂಡಿ ಕಳೆದು, ಯಾವ ಜಿಲ್ಲೆಯ ಅಧಿಕಾರಿ ಎಷ್ಟು ಕಟ್ಟಿದ, ಎಷ್ಟು ಬಾಕಿ ಅಂತ ಅವನ ಎದುರಿಗೇ ತೀರ್ಮಾನ. ಆ ಹಾಸಿನಿಂದ ಕಚೇರಿಗೇ ‘ಎಕ್ಸ್‌ಚೆಕರ್’ ಅಂತ ಹೆಸರು ಬಂತು. ಈಗಲೂ ಬ್ರಿಟನ್ನಿನ ಹಣಕಾಸು ಮಂತ್ರಿ ‘ಚಾನ್ಸೆಲರ್ ಆಫ್ ದಿ ಎಕ್ಸ್‌ಚೆಕರ್’. ಅಂದರೆ, ಒಂದು ಲೆಕ್ಕದಲ್ಲಿ, ಚೌಕಳಿ ಬಟ್ಟೆಯ ಮಂತ್ರಿ! ಬ್ಯಾಂಕಿನವರು ಮೋಸ ತಡೆಯೋಕೆ ಇಟ್ಟುಕೊಳ್ಳುತ್ತಿದ್ದ ಹರಿದ ಅರ್ಧಚೀಟಿಗೆ ಮೊದಲು ‘ಚೆಕ್’ ಅಂದರು, ಆಮೇಲೆ ಹಣ ಕೊಡೋ ಚೀಟಿಗೇ ಆ ಹೆಸರು ಅಂಟಿತು. ನಮ್ಮ ಪಾಸ್‌ಬುಕ್ಕಿನಲ್ಲಿ ಚೆಕ್ ಪದದ ಕೊನೆಗಿರೋ ‘ಕ್ಯೂಯುಇ’ ಸ್ಪೆಲಿಂಗಿಗೆ ಈ ಎಕ್ಸ್‌ಚೆಕರ್ ಪ್ರಭಾವವೇ ಕಾರಣ. ಅಮೆರಿಕದವರು ಆ ಉಸಾಬರಿ ಇಟ್ಟುಕೊಂಡಿಲ್ಲ. ಅಲ್ಲಿ ಹೋಟೆಲ್ ಬಿಲ್ಲೂ ಚೆಕ್ಕೇ. ಮಾಟುಂಗಾದಲ್ಲಿ ತಿಂಡಿ ತಿಂದು ‘ಚೆಕ್ ಕೊಡಪ್ಪಾ’ ಅಂದರೆ ಮಾಣಿ, ‘ಚೆಕ್ ತಗೊಳ್ಳಲ್ಲ ಸಾರ್, ಕ್ಯಾಷ್ ಇಲ್ವಾ’ ಅಂತಾನೆ.

ಇನ್ನು ಭಾಷೆಯ ವಿಷಯ. ಮುಂಬೈ ಮಕ್ಕಳಿಗೆ ಮೂರು ನಾಲ್ಕು ಭಾಷೆ ಹೊರೆ ಅಂತ ನನಗೆ ಅನಿಸೋದಿಲ್ಲ. ಮರಾಠಿಯಲ್ಲಿ ಚೆಸ್ಸಿಗೆ ಬುದ್ಧಿಬಳ ಅಂತಾರೆ, ಚೆಕ್ ಕೊಡೋದಕ್ಕೆ ‘ಶಹ’. ಮರಾಠಿ ಪೇಪರಿನ ರಾಜಕೀಯ ಸುದ್ದಿಯಲ್ಲಿ ಶಹ-ಕಾಟಶಹ (ಏಟು-ಎದುರೇಟು) ಇಲ್ಲದ ದಿನವೇ ಕಡಿಮೆ. ಹಿಂದಿಯಲ್ಲಿ ಶತ್ರಂಜ್, ನಮ್ಮಲ್ಲಿ ಚದುರಂಗ. ನಮ್ಮ ಸೊಸೈಟಿ ಮೆಟ್ಟಿಲ ಮೇಲೆ ಮಕ್ಕಳು ಆಡುವಾಗ ಪಕ್ಕದ ಮನೆ ಹುಡುಗ ‘ಶಹ!’ ಅಂತ ಕುದುರೆ ಕುಟ್ಟಿದರೆ ನನ್ನ ಮಗಳು ‘ಚೆಕ್ಕಾ? ತಾಳು’ ಅಂತಾಳೆ. ಇಬ್ಬರೂ ಹೇಳಿದ್ದು ಒಂದೇ ಪದ. ಅವನು ‘ಶಹ್ ಮಾತ್’ (ಅದೇ ಚೆಕ್‌ಮೇಟ್) ಅಂದಾಗ ಮಾತ್ರ ಅವಳು ‘ರಾಜ ಏನು ಮಾತಾಡಿದ?’ ಅಂತ ಕೇಳಿದಳು. ಮಾತಾಡೋದೇನು, ಅವನ ಕಥೆಯೇ ಮುಗಿದಿತ್ತು. ಅಂದ ಹಾಗೆ ಚೆಕ್‌ಮೇಟಿನ ಮೇಟ್‌ಗೂ ಕ್ಲಾಸ್‌ಮೇಟಿನ ಮೇಟ್‌ಗೂ ಸಂಬಂಧವೇ ಇಲ್ಲ. ಎರಡನೆಯದು ಜರ್ಮನ್ ಕಡೆಯ ಪದ, ಜೊತೆಗೆ ಕೂತು ಉಣ್ಣುವವನು ಅಂತ.

ಹೀಗೆ ಸಂಬಂಧ ಇಲ್ಲದೆಯೂ ಒಂದೇ ಥರ ಕಾಣೋ ಪದಗಳು ಬೇಕಾದಷ್ಟಿವೆ. ಕ್ರಾಫರ್ಡ್ ಮಾರ್ಕೆಟ್ಟಿನಲ್ಲಿ ಸಿಗೋ ಖರ್ಜೂರದ ‘ಡೇಟ್’ ಗ್ರೀಕರ ಬೆರಳು, ಕ್ಯಾಲೆಂಡರಿನ ‘ಡೇಟ್’ ಲ್ಯಾಟಿನ್ನಿನ ‘ಕೊಟ್ಟದ್ದು’. ಒಳ್ಳೆ ಇಂಗ್ಲಿಷ್ ನಿಘಂಟಿನಲ್ಲಿ ಇವನ್ನು ಬೇರೆ ಬೇರೆ ಪದ ಅಂತಲೇ ಪ್ರತ್ಯೇಕವಾಗಿ ಕೊಟ್ಟಿರುತ್ತಾರೆ. ಮಗನಿಗೆ ಅದನ್ನು ನೋಡೋದು ಕಲಿಸಿ, ವಿವರಣೆ ಮಾತ್ರ ಕನ್ನಡದಲ್ಲೇ ಕೊಡಿ. ಟೀಚರ್ ಮತ್ತೆ ಕೇಳಿದರೆ, ಮನೆಯಲ್ಲಿ ಓದಿಸ್ತಿದ್ದೇವೆ ಮೇಡಂ ಅಂದರೆ ಸಾಕು, ಯಾವ ಭಾಷೆಯಲ್ಲಿ ಅಂತ ಅವರಿಗ್ಯಾಕೆ?

ಠಾಣೆ, ಮುಲುಂಡ್ ಕಡೆ ಭಾನುವಾರ ಮಕ್ಕಳಿಗೆ ಆನೆ, ಒಂಟೆ, ಕುದುರೆ ಅಂತ ಕನ್ನಡದಲ್ಲಿ ಚದುರಂಗ ಹೇಳಿಕೊಡೋರು ಯಾರಾದರೂ ಇದ್ದರೆ ಇಲ್ಲೇ ತಿಳಿಸಿ, ನಮ್ಮ ಮನೆಯಿಂದ ಇಬ್ಬರು ಬರ್ತಾರೆ.